ನಿಮ್ಮ ಕಾಲೇಜಿನ ರಿಕವರಿ ಎಷ್ಟು, ಸಾಹೇಬರೇ?

ಬೆಂಗಳೂರು, ಪುಣೆ, ಹೈದರಾಬಾದ್ ಕಡೆ ಬಿಸಿನೆಸ್ ಅನಲಿಟಿಕ್ಸ್ ಕಲಿಸುವ ಸಮಸ್ತ ಕಾಲೇಜುಗಳ ಅಡ್ಮಿಶನ್ ವಿಭಾಗದ ಮಾನ್ಯರಿಗೆ,

ಮುಧೋಳ ತಾಲೂಕಿನ ಒಬ್ಬ ಕಬ್ಬು ಬೆಳೆಗಾರನ ನಮಸ್ಕಾರ. ನಾವೆಲ್ಲ ಕ್ಷೇಮ. ನಿಮ್ಮ ಕ್ಷೇಮ ಕೇಳುವ ಪ್ರಸಂಗವೇ ಬರಲಿಲ್ಲ. ಊಟಕ್ಕೆ ಕೂತ ಹೊತ್ತಿಗೆ, ಕರೆಂಟ್ ಬಂತೆಂದು ಮೋಟರ್ ಚಾಲು ಮಾಡಲು ಓಡುವ ಹೊತ್ತಿಗೆ ಫೋನು ಮಾಡಿ ನೀವೇ ತಿಳಿಸುತ್ತಿದ್ದೀರಿ. ನನ್ನ ಮಗಳು ಬಿ.ಕಾಂ. ಕೊನೆಯ ಸೆಮಿಸ್ಟರಿಗೆ ಬಂದದ್ದು ಅವಳ ಸೋದರಮಾವನಿಗಿಂತ ಮುಂಚೆ ನಿಮಗೆ ಗೊತ್ತಾಗಿತ್ತು. ಇಷ್ಟು ಅಂತಃಕರಣ ಇಟ್ಟುಕೊಂಡವರಿಗೆ ಒಂದು ಪತ್ರವನ್ನೂ ಹಾಕದಿದ್ದರೆ ಮುಧೋಳದವರಿಗೆ ಮರ್ಯಾದೆ ಗೊತ್ತಿಲ್ಲ ಎಂದಾದೀತು. ಬಹಿರಂಗವಾಗಿ ಯಾಕೆ ಬರೆಯುತ್ತಿದ್ದೇನೆಂದರೆ, ಫೋನಿನಲ್ಲಿ ನಾನು ಏನೇ ಕೇಳಲಿ, "ಸೀನಿಯರ್ ಕೌನ್ಸೆಲರ್ ಕಾಲ್ ಬ್ಯಾಕ್ ಮಾಡ್ತಾರೆ ಸರ್" ಎನ್ನುವುದು ಬಿಟ್ಟರೆ ನಿಮ್ಮ ಬಾಯಲ್ಲಿ ಬೇರೆ ಉತ್ತರವಿಲ್ಲ. ಆ ಸೀನಿಯರ್ ಈ ಪತ್ರವನ್ನಾದರೂ ಓದಲಿ.

ನೀವು ಹೇಳಿದ್ದಿಷ್ಟು: ಡೇಟಾ ಅಂದರೆ ಹೊಸ ಕಾಲದ ಪೆಟ್ರೋಲು. (ನಮ್ಮ ಕಡೆ ಎಥೆನಾಲ್ ಅಂದಿದ್ದರೆ ಬೇಗ ತಿಳಿಯುತ್ತಿತ್ತು.) ಎರಡು ವರ್ಷದ ಎಂಬಿಎ, ಬಿಸಿನೆಸ್ ಅನಲಿಟಿಕ್ಸ್ ಸ್ಪೆಷಲೈಜೇಶನ್, ಫೀ 12 ಲಕ್ಷ. ಉಳಿದ ಸೀಟು ಎರಡೇ. ಮಗಳ ಪ್ರತಿಭೆ ಕಂಡು ಸ್ಕಾಲರ್‌ಶಿಪ್ ಮಂಜೂರಾಗಿದೆ, ಆದರೆ ಇವತ್ತು ಸಂಜೆ ಐದರೊಳಗೆ ಅಡ್ವಾನ್ಸ್ ಕಟ್ಟಿದರೆ ಮಾತ್ರ. ಅವಳ ಮಾರ್ಕ್ಸ್ ಕಾರ್ಡನ್ನು ನಾವು ಇನ್ನೂ ಕಳಿಸಿಯೇ ಇರಲಿಲ್ಲ. ಕಾಣದ್ದನ್ನು ಕಂಡು ಹೇಳುವುದೇ ಅನಲಿಟಿಕ್ಸ್ ಇರಬಹುದು ಎಂದುಕೊಂಡು ಸುಮ್ಮನಾದೆ.

12 ಲಕ್ಷ ಅಂದರೆ ಎಷ್ಟು ಎನ್ನುವುದನ್ನು ನಮ್ಮ ಲೆಕ್ಕದಲ್ಲಿ ಹೇಳುತ್ತೇನೆ. ಎಕರೆಗೆ 40 ಟನ್ ಬಂತೆನ್ನಿ. ಟನ್ನಿಗೆ 3,300ರಂತೆ 1,32,000. ಬೀಜ, ಗೊಬ್ಬರ, ಆಳು, ಕಟಾವು ಗ್ಯಾಂಗಿನವರ ಖುಷಿ ಎಲ್ಲ ಕಳೆದು ಅರ್ಧ ಉಳಿದರೆ ಆ ವರ್ಷ ಲಕ್ಷ್ಮವ್ವ ಮನೆಯಲ್ಲೇ ಇದ್ದಾಳೆ ಎಂದರ್ಥ. ಉಳಿದದ್ದು 66,000. ಅಂದರೆ ನಿಮ್ಮ ಫೀ ಒಂದಕ್ಕೇ 18 ಎಕರೆಯ ಇಡೀ ವರ್ಷದ ಉಳಿಕೆ ಬೇಕು. ಐದು ಎಕರೆಯವನು ಊಟ, ಔಷಧ, ಜಾತ್ರೆ, ಮದುವೆ ಎಲ್ಲ ಬಿಟ್ಟು ದುಡಿದರೂ ಮೂರೂವರೆ ವರ್ಷ ದಾಟುತ್ತದೆ. ಹಾಸ್ಟೆಲ್ಲು, ಲ್ಯಾಪ್‌ಟಾಪು ಇನ್ನೂ ಈ ಲೆಕ್ಕಕ್ಕೆ ಬಂದಿಲ್ಲ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿಗೂ ನಿಮ್ಮ ಫೋನು ಹೋಗುತ್ತಿದೆ ಎಂದು ಕೇಳಿದೆ; ಅಲ್ಲಿ ಸೀರೆಯ ಮಜೂರಿಯಲ್ಲಿ ಇದೇ ಲೆಕ್ಕ ಹಾಕಿದರೆ ಕಾಗದ ಸಾಲದು. ಬೀಳಗಿಯ ಸುದ್ದಿ ಇನ್ನೂ ಚೆನ್ನಾಗಿದೆ. ಆಲಮಟ್ಟಿ ಅಣೆಕಟ್ಟು ಎತ್ತರಿಸುವುದರಿಂದ ಮುಳುಗುವ ಜಮೀನಿಗೆ ನೀರಾವರಿಯದ್ದಾದರೆ ಎಕರೆಗೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ಎಂದು ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಪರಿಹಾರದ ಹಣ ಬರುವ ಮುಂಚೆ ಅಲ್ಲಿಯ ಮುಳುಗಡೆ ಊರುಗಳಿಗೆ ನಿಮ್ಮ ಬ್ರೋಷರ್ ಬಂದು ತಲುಪಿದೆ. ಹಿನ್ನೀರಿಗಿಂತ ನೀವೇ ಚುರುಕು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ನಾವು ಕಾರ್ಖಾನೆಗೆ ಕಬ್ಬು ಹಾಕುವ ಜನ. ಸಮೀರವಾಡಿ, ಉತ್ತೂರು, ತಿಮ್ಮಾಪುರ, ಮುಧೋಳ ಎಂದು ಯಾವ ದಿಕ್ಕಿಗೆ ತಿರುಗಿದರೂ ಒಂದು ಚಿಮಣಿ ಕಾಣುತ್ತದೆ. ನಮ್ಮ ಕಬ್ಬಿಗೆ ಕೇಂದ್ರ ಸರ್ಕಾರ ಎಫ್‌ಆರ್‌ಪಿ ಎಂದು ದರ ಕಟ್ಟುತ್ತದೆ. 2025-26ಕ್ಕೆ ಅದು ಕ್ವಿಂಟಲಿಗೆ 355 ರೂಪಾಯಿ, ಅದೂ ರಿಕವರಿ 10.25 ಇದ್ದರೆ. ನೂರು ಕಿಲೋ ಕಬ್ಬು ಅರೆದರೆ ಹತ್ತೂಕಾಲು ಕಿಲೋ ಸಕ್ಕರೆ ಸಿಗಬೇಕು ಎಂದರ್ಥ. ಅದಕ್ಕಿಂತ ಮೇಲೆ ಪ್ರತಿ 0.1ಕ್ಕೆ 3.46 ರೂಪಾಯಿ ಜಾಸ್ತಿ. 2025ರ ನವೆಂಬರಿನಲ್ಲಿ ಕಟಾವು, ಸಾಗಾಣಿಕೆ ಕಳೆದು ಟನ್ನಿಗೆ 3,500 ಕೊಡಿ ಎಂದು ಗುರ್ಲಾಪುರ ಕ್ರಾಸಿನಲ್ಲಿ ರೈತರು ಧರಣಿ ಕೂತರು. ಕೊನೆಗೆ 3,300 ಎಂದಾಯಿತು. ಆ ದರಕ್ಕೂ ರಿಕವರಿಯ ಬಾಲ ಅಂಟಿಸಿದ್ದಾರೆಂದು ನಮ್ಮ ಮುಧೋಳದವರು ಒಪ್ಪದೆ ಮತ್ತೂ ಕೆಲವು ದಿನ ರಸ್ತೆಯಲ್ಲೇ ಉಳಿದರು. ಆ ಜಗಳದ ಬೇರು ದರದಲ್ಲಿರಲಿಲ್ಲ. ರಿಕವರಿ ಅಳೆಯುವವರು ಯಾರು, ಯಾರ ಎದುರಿಗೆ ಅಳೆಯುತ್ತಾರೆ ಎನ್ನುವಲ್ಲಿತ್ತು. ಕಬ್ಬು ನಮ್ಮದು, ಕಾಟಾ ಅವರದು, ಲ್ಯಾಬೂ ಅವರದೇ.

ಹೀಗೆ ಪಳಗಿದ ಜನಕ್ಕೆ ನೀವು ಫೋನು ಮಾಡಿದ್ದೀರಿ. ಹಾಗಾಗಿ ನನ್ನ ಪ್ರಶ್ನೆ ಒಂದೇ: ನಿಮ್ಮ ಗಾಣಕ್ಕೆ ನೂರು ಮಕ್ಕಳನ್ನು ಹಾಕಿದರೆ ರಿಕವರಿ ಎಷ್ಟು?

"ಹೈಯೆಸ್ಟ್ ಪ್ಯಾಕೇಜ್" ಎಂದು ನೀವು ಬ್ರೋಷರಿನ ಮುಖಪುಟದಲ್ಲಿ ಒಬ್ಬ ಹುಡುಗನ ನಗುಮುಖ ಹಾಕಿದ್ದೀರಿ. ಆತನಿಗೆ ಒಳ್ಳೆಯದಾಗಲಿ. ಆದರೆ ಹೊಲದ ಬದುವಿನಲ್ಲಿ ಬೆಳೆದ ಒಂದು ದಪ್ಪ ಜಲ್ಲೆಯನ್ನು ತೋರಿಸಿ ಇಡೀ ಫಡದ ದರ ಕೇಳಿದರೆ ಯಾವ ಕಾರ್ಖಾನೆ ಕೊಡುತ್ತದೆ? ಎರಡನೇ ಪುಟದಲ್ಲಿ "ಆವರೇಜ್ ಪ್ಯಾಕೇಜ್ 8 ಲಕ್ಷ" ಎಂದಿದೆ. ಹತ್ತು ಜನರಲ್ಲಿ ಒಂಬತ್ತು ಮಂದಿಗೆ 4 ಲಕ್ಷ, ಒಬ್ಬನಿಗೆ 44 ಲಕ್ಷ ಸಿಕ್ಕರೂ ಸರಾಸರಿ 8 ಲಕ್ಷವೇ ಬರುತ್ತದೆ. ಹತ್ತರಲ್ಲಿ ಆ 8 ಲಕ್ಷ ಕಂಡವನು ಒಬ್ಬನೂ ಇಲ್ಲ. ಸಾಲಾಗಿ ನಿಲ್ಲಿಸಿ ನಡುವಿನವನ ಸಂಬಳ ಕೇಳಿದರೆ 4 ಲಕ್ಷ ಎನ್ನುತ್ತಾನೆ. ಅದಕ್ಕೆ ಮೀಡಿಯನ್ ಎನ್ನುತ್ತಾರೆಂದು ನನಗೆ ಹೇಳಿಕೊಟ್ಟದ್ದು ಮಗಳು, ಬಿ.ಕಾಂ. ಸ್ಟ್ಯಾಟಿಸ್ಟಿಕ್ಸ್ ಪುಸ್ತಕ ತೆರೆದು. ನಿಮ್ಮ ಕೋರ್ಸಿನ ಮೊದಲ ಸೆಮಿಸ್ಟರಿನಲ್ಲೂ ಇದೇ ಪಾಠ ಇದೆಯಂತೆ. ಸರಾಸರಿಯನ್ನು ನಂಬಬೇಡಿ ಎಂದು ಕಲಿಸುವುದಕ್ಕೆ 12 ಲಕ್ಷ ತೆಗೆದುಕೊಳ್ಳುವವರು ಸರಾಸರಿ ತೋರಿಸಿ ಆ 12 ಲಕ್ಷ ಕೇಳುತ್ತಿದ್ದೀರಿ. ನಿಮ್ಮದೇ ಪ್ರೊಫೆಸರರ ಮುಂದೆ ಈ ಬ್ರೋಷರನ್ನು ಉತ್ತರಪತ್ರಿಕೆ ಎಂದು ಇಟ್ಟರೆ ಪಾಸಾಗುವುದು ಅನುಮಾನ.

"100 ಪರ್ಸೆಂಟ್ ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್" ಎಂದೂ ಬರೆದಿದ್ದೀರಿ. ಅಸಿಸ್ಟೆನ್ಸ್ ನೂರಕ್ಕೆ ನೂರು ಇರುತ್ತದೆ, ಅದರಲ್ಲಿ ಸಂಶಯವಿಲ್ಲ; ಮದುವೆ ದಲ್ಲಾಳಿಯೂ ನೂರಕ್ಕೆ ನೂರು ಓಡಾಡುತ್ತಾನೆ. ಶೇಕಡಾವಾರು ಕೊಟ್ಟ ಕಡೆಯಲ್ಲೂ ಯಾರಲ್ಲಿ ಶೇಕಡ ಎಂಬುದು ನಾಪತ್ತೆ. 120 ಮಕ್ಕಳು ಸೇರಿದರು ಎನ್ನಿ. 30 ಮಂದಿಯನ್ನು ಬ್ಯಾಕ್‌ಲಾಗ್ ಇದೆ, ಹಾಜರಿ ಕಡಿಮೆ, ಸ್ವಂತ ಉದ್ಯೋಗ ಮಾಡುತ್ತಾರಂತೆ ಎಂದು ಬದಿಗೆ ಸರಿಸಿದಿರಿ. ಉಳಿದ 90ರಲ್ಲಿ 81 ಮಂದಿಗೆ ಕೆಲಸ ಸಿಕ್ಕರೆ ಪೋಸ್ಟರಿನಲ್ಲಿ 90 ಪರ್ಸೆಂಟ್. ಫೀ ಕಟ್ಟಿದವರ ಲೆಕ್ಕದಲ್ಲಿ 67.5. ಫೀ ತೆಗೆದುಕೊಳ್ಳುವಾಗ ಮಾತ್ರ ಆ 30 ಮಂದಿಯನ್ನು ಬಿಟ್ಟಿರಲಿಲ್ಲ. ಜಾಹೀರಾತಿನ ಮೇಲೆ ಕಣ್ಣಿಡುವ ಎಎಸ್‌ಸಿಐ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಇಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂದು ಹೇಳುವ ಕಾಲೇಜು ಆ ತರಗತಿಯಿಂದ ಪಾಸಾಗಿ ಹೊರಬಂದವರೆಷ್ಟು ಎಂಬುದನ್ನೂ ಹೇಳಬೇಕು. ನಿಮ್ಮ ಪೋಸ್ಟರಿನಲ್ಲಿ ಆ ಸಾಲು ಹುಡುಕಲು ನನ್ನ ಕನ್ನಡಕ ಸಾಲಲಿಲ್ಲ.

ಪ್ಯಾಕೇಜಿನ ವಿಷಯವೂ ಅಷ್ಟೆ. ಕಂಪನಿ ಹೇಳುವ ಸಿಟಿಸಿ ಎನ್ನುವುದು ಕಾರ್ಖಾನೆ ಗೇಟಿನ ದರ. ಎಫ್‌ಆರ್‌ಪಿಯಲ್ಲಿ ಕಟಾವು, ಸಾಗಾಣಿಕೆ ಕಳೆದು ಉಳಿದದ್ದು ತಾನೇ ನಮ್ಮ ಖಾತೆಗೆ ಬೀಳುವುದು? ಹಾಗೆಯೇ ನಿಮ್ಮ ಪ್ಯಾಕೇಜಿನೊಳಗೆ ಕಂಪನಿ ಕಟ್ಟುವ ಪಿಎಫ್, ಐದು ವರ್ಷ ಕಳೆದ ಮೇಲೆ ಸಿಗುವ ಗ್ರ್ಯಾಚುಟಿ, ಸಿಕ್ಕರೆ ಸಿಕ್ಕಿತು ಎನ್ನುವ ವೇರಿಯಬಲ್ ಪೇ ಎಲ್ಲ ಸೇರಿರುತ್ತದೆ. ಪ್ರಾಮಾಣಿಕವಾಗಿ ಹೇಳುವ ದಾರಿ ಇಲ್ಲದೇ ಏನಿಲ್ಲ. ಐಐಎಂ ಅಹಮದಾಬಾದಿನವರು ಐಪಿಆರ್‌ಎಸ್ ಎಂಬ ಪ್ಲೇಸ್‌ಮೆಂಟ್ ವರದಿಯ ಮಾದರಿ ರೂಪಿಸಿ, ನಿಶ್ಚಿತ ಸಂಬಳ ಬೇರೆ, ಒಂದು ಸಲ ಕೊಡುವ ಹಣ ಬೇರೆ, ಗರಿಷ್ಠ ಸಾಧ್ಯತೆ ಬೇರೆ ಎಂದು ಬಿಡಿಸಿ ತೋರಿಸುತ್ತಾರೆ, ಹೊರಗಿನವರಿಂದ ಆಡಿಟ್ ಮಾಡಿಸುತ್ತಾರೆ. ಅಹಮದಾಬಾದಿನವರಿಗೆ ಮುಚ್ಚಿಡುವ ಅಗತ್ಯವಿಲ್ಲ ಎನ್ನುತ್ತೀರಾ? ಹಾಗಾದರೆ ನಿಮಗೆ ಅಗತ್ಯವಿದೆ ಎಂದು ನೀವೇ ಒಪ್ಪಿದಂತಾಯಿತು.

ಸಾಲದ ಮಾತು ಎತ್ತಿದರೆ ನಿಮ್ಮ ದನಿ ಜೇನಾಗುತ್ತದೆ: "ಲೋನ್ ನಾವೇ ಮಾಡಿಸ್ತೀವಿ ಸರ್, ನೀವು ಬರೀ ಸಹಿ ಹಾಕಿ." ಬರೀ ಸಹಿ ಹಾಕಿ ಕೆಟ್ಟವರ ಸಂಖ್ಯೆ ನಮ್ಮ ತಾಲೂಕಿನಲ್ಲಿ ಈಗಾಗಲೇ ಸಾಕಷ್ಟಿದೆ. ಅದಕ್ಕೆ ಕೂತು ಲೆಕ್ಕ ಹಾಕಿದೆ. 10 ಲಕ್ಷ ಸಾಲ, ಶೇ. 10 ಬಡ್ಡಿ, ವರ್ಷಕ್ಕೆ 5 ಲಕ್ಷದಂತೆ ಎರಡು ಕಂತಿನಲ್ಲಿ ಎತ್ತಿದ್ದು. ಕೋರ್ಸಿನ ಎರಡು ವರ್ಷ, ಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ನಿಲ್ಲುವುದಿಲ್ಲ. ಅದು ಎರಡೂವರೆ ಲಕ್ಷ. ಹನ್ನೆರಡೂವರೆ ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 16,500. ಹುಡುಗಿಗೆ 5 ಲಕ್ಷದ ಪ್ಯಾಕೇಜ್ ಸಿಕ್ಕಿತು, ಕೈಗೆ 36,000 ಬಂತು ಎನ್ನಿ. ಇದೇ ಬಿ.ಕಾಂ. ಮೇಲೆ ಟ್ಯಾಲಿ, ಎಕ್ಸೆಲ್ ಕಲಿತು ಹೋಗಿದ್ದರೆ 20,000 ಸಿಗುತ್ತಿತ್ತು ಎಂದುಕೊಳ್ಳೋಣ. ಎಂಬಿಎ ತಂದ ಹೆಚ್ಚಳ 16,000. ಬ್ಯಾಂಕಿನ ಕಂತು 16,500. ತಿಂಗಳಿಗೆ ಐನೂರು ರೂಪಾಯಿ ಲುಕ್ಸಾನು, ಜತೆಗೆ ಎರಡು ವರ್ಷ ದುಡಿಯದೆ ಬಿಟ್ಟ 4,80,000. ಸಂಬಳ ಏರುತ್ತದಲ್ಲ ಎನ್ನುತ್ತೀರಿ. ಏರಲಿ, ಬೇಡ ಎಂದವರಾರು? ಎಂಬಿಎ ಇಲ್ಲದವಳ ಸಂಬಳವೂ ನಿಂತಲ್ಲೇ ನಿಲ್ಲುವುದಿಲ್ಲ ಎಂಬುದನ್ನೂ ಎರಡನೇ ಕಾಲಮ್ಮಿನಲ್ಲಿ ಬರೆದು ಕಳಿಸಿ.

ಜಾಮೀನಿನದು ಇನ್ನೊಂದು ಕಥೆ. ಏಳೂವರೆ ಲಕ್ಷದವರೆಗೆ ಆಸ್ತಿ ಅಡ ಇಡದೆ ಶಿಕ್ಷಣ ಸಾಲ ಕೊಡುವ ವ್ಯವಸ್ಥೆ ಇದೆ. ಅದರಾಚೆಗೆ ಆಸ್ತಿ ಕೇಳುತ್ತಾರೆ. ಹೊಲ ತೋರಿಸಿದರೆ ಹಲವು ಬ್ಯಾಂಕುಗಳು ತಲೆಯಾಡಿಸುತ್ತವೆ, ಎನ್.ಎ. ಆದ ಸೈಟೋ ಪೇಟೆಯ ಮನೆಯೋ ಬೇಕು. ಘಟಪ್ರಭಾ ದಂಡೆಯ ಕರಿಮಣ್ಣಿಗೆ ಕಾರ್ಖಾನೆಯಲ್ಲಿರುವ ಬೆಲೆ ಬ್ಯಾಂಕಿನಲ್ಲಿಲ್ಲ. 2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಮೆರಿಟ್ ಮೇಲೆ ಸೀಟು ಪಡೆದವರಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ಆದರೆ ಅದು ಕೇಂದ್ರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್ ನೋಡಿ ಆರಿಸಿದ ಕಾಲೇಜುಗಳಿಗೆ ಮಾತ್ರ; ಮೊದಲ ಪಟ್ಟಿಯಲ್ಲಿ 860 ಇದ್ದವು. ನಿಮ್ಮದು ಅದರಲ್ಲಿದೆಯೇ ಎಂದು ಕೇಳಿದಾಗಲೇ ಲೈನ್ ಕಟ್ಟಾಯಿತು. ನಮ್ಮ ಕಡೆ ನೆಟ್‌ವರ್ಕ್ ಸ್ವಲ್ಪ ವೀಕು.

ನಿಮ್ಮೊಬ್ಬರನ್ನೇ ತೂಗಿ ಬಿಟ್ಟರೆ ಅನ್ಯಾಯವಾದೀತೆಂದು ಬೇರೆಯವರನ್ನೂ ನೋಡಿದೆ. ಐಐಎಂ ಬೆಂಗಳೂರು 2020ರಿಂದ ಬಿಸಿನೆಸ್ ಅನಲಿಟಿಕ್ಸಿಗೆಂದೇ ಎರಡು ವರ್ಷದ ಎಂಬಿಎ ನಡೆಸುತ್ತಿದೆ. ಫೀ 25 ಲಕ್ಷದ ಆಸುಪಾಸು. ಐಐಎಂ ಕಲ್ಕತ್ತ, ಐಎಸ್‌ಐ ಕಲ್ಕತ್ತ, ಐಐಟಿ ಖರಗ್‌ಪುರ ಮೂರೂ ಸೇರಿ 2015ರಿಂದ ಪಿಜಿಡಿಬಿಎ ಎಂಬ ಬಿಸಿನೆಸ್ ಅನಲಿಟಿಕ್ಸ್ ಡಿಪ್ಲೊಮಾ ಕಲಿಸುತ್ತಿವೆ. ಬೆಂಗಳೂರಿನವರದು ನಿಮ್ಮ ದುಪ್ಪಟ್ಟು ಫೀ ಎಂದು ಕೇಳಿ ಮೊದಲು ಎದೆ ಝಲ್ಲೆಂದಿತು. ಆಮೇಲೆ ಅನ್ನಿಸಿದ್ದು, ಅಲ್ಲಿಯ 25 ಲಕ್ಷವೇ ನಿಮ್ಮ 12 ಲಕ್ಷಕ್ಕಿಂತ ಅಗ್ಗ. ಅಲ್ಲಿ ಬಾಗಿಲು ಕಿರಿದು, ಪ್ರವೇಶ ಪರೀಕ್ಷೆ ದಾಟಿದವರಿಗೆ ಮಾತ್ರ ಅವಕಾಶ. ಒಳಹೊಕ್ಕವರ ಸಾಲಕ್ಕೆ ಬ್ಯಾಂಕೇ ಬಾಗಿಲಿಗೆ ಬರುತ್ತದೆ. ನಿಮ್ಮಲ್ಲಿ ಬಾಗಿಲೇ ಇಲ್ಲ, ಕ್ಯಾಷ್ ಕೌಂಟರ್ ಮಾತ್ರ.

ಐಐಟಿ ಮದ್ರಾಸಿನದು ಇನ್ನೊಂದು ದಾರಿ. 2020ರಲ್ಲಿ ಶುರುವಾದ ಅದರ ಡೇಟಾ ಸೈನ್ಸ್ ಬಿ.ಎಸ್. ಪದವಿಗೆ ಜೆಇಇ ಬೇಡ. ನಾಲ್ಕು ವಾರದ ಪಾಠ, ಒಂದು ಅರ್ಹತಾ ಪರೀಕ್ಷೆ. ಪಾಠ ಮನೆಯಲ್ಲೇ ಮೊಬೈಲಿನಲ್ಲಿ, ಪರೀಕ್ಷೆ ಮಾತ್ರ ಸೆಂಟರಿಗೆ ಹೋಗಿ ಬರೆಯಬೇಕು. ಪೂರ್ತಿ ಪದವಿಗೆ ನಾಲ್ಕು ಲಕ್ಷದ ಒಳಗೆ, ಬಡ ಕುಟುಂಬದವರಿಗೆ ಅರ್ಹತೆಯಂತೆ ಶೇ. 75ರವರೆಗೆ ಮಾಫಿ. ಗಣಿತ ಮಾತ್ರ ಯಾರಿಗೂ ಮಾಫಿಯಿಲ್ಲ, ಹಿಂಡಿ ತೆಗೆಯುತ್ತದೆ. ಮಧ್ಯದಲ್ಲಿ ದಣಿದವರು ಡಿಪ್ಲೊಮಾ ಹಿಡಿದು ಹೊರಬರಬಹುದು. ನಿಮ್ಮಲ್ಲಿ ಮಧ್ಯದಲ್ಲಿ ಬಿಟ್ಟು ಬಂದವರ ಕೈಯಲ್ಲಿ ಉಳಿಯುವುದು ರಸೀದಿ. ಅಮೆರಿಕದ ಜಾರ್ಜಿಯಾ ಟೆಕ್ 2017ರಲ್ಲಿ ಅನಲಿಟಿಕ್ಸಿನ ಮಾಸ್ಟರ್ಸ್ ಪದವಿಯನ್ನು ಆನ್‌ಲೈನಿನಲ್ಲಿ 10,000 ಡಾಲರಿನ ಒಳಗೆ ಶುರು ಮಾಡಿತು. ವಿಮಾನ ಹತ್ತಿ ಹೋಗುವ ಮಾತು ಬೇಡ ಬಿಡಿ. 2022ರ ಜನವರಿಯಲ್ಲಿ ಬಿಸಿನೆಸ್ ಅನಲಿಟಿಕ್ಸನ್ನು ಸ್ಟೆಮ್ ಪಟ್ಟಿಗೆ ಸೇರಿಸಿ, ಓದಿದ ಮೇಲೆ ಮೂರು ವರ್ಷ ಅಲ್ಲೇ ದುಡಿಯಬಹುದು ಎಂದ ಅದೇ ದೇಶ, 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಎಂದಿತು. ಆ ದರ ನಮ್ಮ ಕಾರ್ಖಾನೆಗಳ ದರಕ್ಕಿಂತ ಚಂಚಲ.

ನಮ್ಮಲ್ಲೇ ಏನಿದೆ ಎನ್ನುತ್ತೀರಿ. ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯ 2023ರಲ್ಲಿ ಬಾಗಿಲು ತೆರೆಯಿತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಹಣವಿಲ್ಲ ಎಂದು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಸಲಹೆ ಕೊಟ್ಟಾಗ ಇದರ ಹೆಸರೂ ಅದರಲ್ಲಿತ್ತು. ಆ ಪೇಪರ್ ಕಟಿಂಗನ್ನು ನನಗೆ ವಾಟ್ಸಾಪಿನಲ್ಲಿ ಕಳಿಸಿದ್ದು ನಿಮ್ಮ ಕೌನ್ಸೆಲರೇ, ಕೆಳಗೆ ಅಳುವ ಮುಖದ ಚಿತ್ರ ಹಾಕಿ. ಸರ್ಕಾರ ತನ್ನ ಬಾಗಿಲನ್ನು ಎಷ್ಟು ಮುಚ್ಚುತ್ತದೋ ನಿಮ್ಮ ಫೋನು ಅಷ್ಟು ರಿಂಗಣಿಸುತ್ತದೆ. ಹೀಗಾಗಿ ಈ ಪತ್ರದ ಒಂದು ಪ್ರತಿ ವಿಧಾನಸೌಧಕ್ಕೂ ಹೋಗಬೇಕು.

ಅಂದಹಾಗೆ ಮುಧೋಳದಿಂದ ದೂರದೂರಿಗೆ ಓದಲು ಹೋದವರಲ್ಲಿ ನಮಗೆ ಹೆಸರು ಗೊತ್ತಿರುವ ಮೊದಲಿಗ ರನ್ನ. ಹತ್ತನೆಯ ಶತಮಾನ, ಬಳೆಗಾರರ ಮನೆ. ಶ್ರವಣಬೆಳಗೊಳಕ್ಕೆ ಹೋಗಿ ಅಜಿತಸೇನಾಚಾರ್ಯರಲ್ಲಿ ಕಲಿತ, ಚಾವುಂಡರಾಯನ ಆಶ್ರಯವಿತ್ತು. ಪ್ಲೇಸ್‌ಮೆಂಟ್ ಚಾಲುಕ್ಯ ತೈಲಪನ ಆಸ್ಥಾನದಲ್ಲಿ, ಹುದ್ದೆ ಕವಿಚಕ್ರವರ್ತಿ. ಫೀ ರಸೀದಿ ಯಾವ ಶಾಸನದಲ್ಲೂ ಸಿಕ್ಕಿಲ್ಲ. ಇತ್ತೀಚೆಗೆ ಹಾಗೆ ಆಯ್ಕೆಯಾಗಿ ಹೋದದ್ದು ನಮ್ಮೂರ ಬೇಟೆನಾಯಿ. 2016ರಲ್ಲಿ ಸೇನೆ ಅದನ್ನು ಮೀರತ್ತಿಗೆ ತರಬೇತಿಗೆ ಕರೆದೊಯ್ದಿತು, ಡೊನೇಶನ್ ಇಲ್ಲದೆ.

ಕೊನೆಗೆ ನನ್ನ ಬೇಡಿಕೆ. ಫಿಲ್ಟರ್ ಕಾಫಿ, ಎ.ಸಿ. ಕ್ಲಾಸ್‌ರೂಮು, ಸಿಂಗಾಪುರ ಪ್ರವಾಸ ಇವುಗಳ ವಿಡಿಯೋ ಬೇಡ. ಒಂದು ಹಾಳೆ ಕಳಿಸಿ. ಅದರಲ್ಲಿ ಕಳೆದ ಮೂರು ಬ್ಯಾಚುಗಳಲ್ಲಿ ಸೇರಿದವರೆಷ್ಟು, ಮುಗಿಸಿದವರೆಷ್ಟು, ಕೆಲಸ ಸಿಕ್ಕವರೆಷ್ಟು, ನಡುವಿನವನ ನಿಶ್ಚಿತ ಸಂಬಳವೆಷ್ಟು ಎಂದಿರಲಿ. ಕೆಲಸದ ಹೆಸರೂ ಇರಲಿ. ಡೇಟಾ ಅನಲಿಸ್ಟ್ ಎಂದು ಹೋದವರು ಇನ್ಶೂರೆನ್ಸ್ ಮಾರುತ್ತಿದ್ದರೆ ಅದನ್ನೂ ಬರೆಯಿರಿ. ಕೆಳಗೆ ಪ್ರಾಂಶುಪಾಲರ ಸಹಿ, ಸೀಲು. ಕಷ್ಟವೇನಿಲ್ಲ, ಎನ್‌ಐಆರ್‌ಎಫ್‌ನಲ್ಲಿ ಭಾಗವಹಿಸುವ ಕಾಲೇಜುಗಳು ಈ ಅಂಕಿಗಳಲ್ಲಿ ಬಹುಪಾಲನ್ನು ಪ್ರತಿ ವರ್ಷ ಕೊಟ್ಟು ತಮ್ಮ ವೆಬ್‌ಸೈಟಿನಲ್ಲೂ ಹಾಕಬೇಕು. ಆ ಕಾಟಾದಲ್ಲೂ ತೂಕ ಬರೆಯುವವರು ಕಾಲೇಜಿನವರೇ ಎಂಬುದು ಗೊತ್ತಿದೆ. ಆದರೂ ಬ್ರೋಷರಿನಲ್ಲಿ ಒಂದು, ಅಲ್ಲಿ ಒಂದು ಇದ್ದರೆ ನಮಗೆ ಅಷ್ಟೇ ಸಾಕು. ಹಾಳೆ ಬಂದ ದಿನ ಮಾತಾಡೋಣ. ಬಾರದಿದ್ದರೆ ಮಗಳು ಜಮಖಂಡಿಯಲ್ಲಿ ಎಂ.ಕಾಂ. ಸೇರುತ್ತಾಳೆ, ಸಂಜೆ ಹೊತ್ತು ಎಸ್‌ಕ್ಯೂಎಲ್, ಪವರ್ ಬಿಐ ಕಲಿಯುತ್ತಾಳೆ. ಸ್ವಯಂ-ಎನ್‌ಪಿಟಿಇಎಲ್‌ನಲ್ಲಿ ಪಾಠ ಪುಕ್ಕಟೆ, ಪರೀಕ್ಷೆ ಬರೆದರೆ ವಿಷಯಕ್ಕೆ 1,000 ರೂಪಾಯಿ.

ಈ ಪತ್ರ ಓದುತ್ತಿರುವ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ತಂದೆ-ತಾಯಿಗಳಲ್ಲಿ ಒಂದು ಅರಿಕೆ. ಅಡ್ವಾನ್ಸ್ ಕೊಟ್ಟು ಸಿಕ್ಕಿಕೊಂಡವರು ಹೆದರಬೇಡಿ. ಯುಜಿಸಿ 2024-25ಕ್ಕೆ ಹೊರಡಿಸಿದ ನೀತಿಯಲ್ಲಿ ಸೆಪ್ಟೆಂಬರ್ 30ರೊಳಗೆ ಸೀಟು ಬಿಟ್ಟರೆ ಪೂರ್ತಿ ಫೀ ವಾಪಸು, ಅಕ್ಟೋಬರ್ 31ರವರೆಗೆ 1,000 ರೂಪಾಯಿಗಿಂತ ಹೆಚ್ಚು ಹಿಡಿಯುವಂತಿಲ್ಲ ಎಂದಿತ್ತು. ನಿಮ್ಮ ವರ್ಷದ ತಾರೀಖು ನೋಡಿಕೊಂಡು ಬರೆದು ಕೇಳಿ. ಮೂಲ ಮಾರ್ಕ್ಸ್ ಕಾರ್ಡನ್ನು ಯಾರ ಕೈಗೂ ಕೊಟ್ಟು ಬರಬೇಡಿ. ಇನ್ನೂ ಕೊಡದವರು ಆ ಒಂದು ಹಾಳೆ ಸಹಿ, ಸೀಲಿನೊಂದಿಗೆ ಕೈಗೆ ಬರುವ ತನಕ ರೂಪಾಯಿ ಬಿಚ್ಚಬೇಡಿ.

ಇಂತಿ,
ಮುಧೋಳ ತಾಲೂಕಿನ ಒಬ್ಬ ಕಬ್ಬು ಬೆಳೆಗಾರ